ಕಮಲಾಕ್ಷನ ಕುದುರೆ ನೆಲ ಕೆರೆದದ್ದು

ಪಾಣೆಮಂಗಳೂರಿನಲ್ಲಿ ಸೇತುವೆ ಇಳಿದ ಕೂಡಲೇ ಎಡಗಡೆಗೆ ಕಮಲಾಕ್ಷನ ಹೋಟೆಲು. ಅಲ್ಲಿಯ ಬನ್ಸ್ ಚೆನ್ನಾಗಿತ್ತು, ಚಹಾ ಪರವಾಗಿಲ್ಲ ಅನ್ನುವಂತಿತ್ತು, ಗಲ್ಲಾದ ಹಿಂದೆ ಕುಳಿತ ಕಮಲಾಕ್ಷನ ಮಾತು ಮಾತ್ರ ಕೇಳದಿದ್ದರೂ ಎಲೆಗೆ ಬೀಳುತ್ತಿತ್ತು. ಮಳೆ, ಸಂಸಾರ, ಸರಕಾರ, ಯಾವ ವಿಷಯ ಎತ್ತಿದರೂ ಅವನು ಸುತ್ತಿ ಬಳಸಿ ಒಂದೇ ಕಡೆ ಬಂದು ನಿಲ್ಲುತ್ತಿದ್ದ: "ನಮ್ಮ ಮನೆಯಲ್ಲಿ ಹಿಂದೆ ಕುದುರೆ ಕಟ್ತಾ ಇದ್ರು ಮಾರಾಯ್ರೆ. ಕುದುರೆಯ ವಿಷಯ ನಮಗೆ ರಕ್ತದಲ್ಲೇ ಉಂಟು." ಇದಕ್ಕೆ ಆಧಾರ ಸಿದ್ಧಕಟ್ಟೆಯ ಅವನ ಮನೆಯ ಅಂಗಳದ ಗೋಡೆಯಲ್ಲಿದ್ದ ಒಂದು ಕಬ್ಬಿಣದ ಬಳೆ. ಅದಕ್ಕೆ ಕಟ್ಟುತ್ತಿದ್ದದ್ದು ಹಾಯುವ ಚಾಳಿಯ ಒಂದು ಹೋರಿಯನ್ನು ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಬನ್ಸ್ ತಿನ್ನಲು ಬಂದವರು ಗೋಡೆ ನೋಡಲು ಮನೆಗೆ ಬರುವುದಿಲ್ಲವಾದ್ದರಿಂದ ಆ ಕುದುರೆ ಯಾರ ತೊಂದರೆಯೂ ಇಲ್ಲದೆ ವರ್ಷ ವರ್ಷ ಬೆಳೆಯುತ್ತಾ ಹೋಯಿತು.

ಹಾಗೆ ಬೆಳೆದ ಕುದುರೆ ಒಂದು ದಿನ ಹೋಟೆಲಿನ ಬಾಗಿಲಿಗೇ ಬಂದು ನಿಂತಿತು.

ತಂದವನು ಹಾಜಬ್ಬ. ಅವನ ಬಿಳಿ ಕುದುರೆ ಮುನ್ನನನ್ನು ಬಂಟ್ವಾಳದ ಕಡೆ ಗುರುತಿಸದವರಿಲ್ಲ. ಮದುಮಗನನ್ನು ಹೊತ್ತು ಮೆರವಣಿಗೆ ಹೋಗುವುದು ಅದರ ಕಸುಬು. ಈಗಿನ ಮದುಮಕ್ಕಳು ಮಾಡು ತೆರೆದ ಕಾರಿನಲ್ಲಿ ಎದ್ದು ನಿಂತು ಬರುವವರಾದ್ದರಿಂದ ಕುದುರೆಗೂ ಹಾಜಬ್ಬನಿಗೂ ಒಟ್ಟಿಗೇ ಕೆಲಸ ತಪ್ಪಿತ್ತು. ಮಗಳು ರುಕಿಯಾ ಅಪ್ಪನನ್ನು ಮಂಗಳೂರಿಗೆ ಕರೆದಿದ್ದಳು. ಅವಳ ಮನೆ ದೊಡ್ಡ ಕಟ್ಟಡದ ಮೇಲಿನ ಮಾಳಿಗೆಯಲ್ಲಿತ್ತು, ಲಿಫ್ಟಿನಲ್ಲಿ ಕುದುರೆ ಹಿಡಿಸುತ್ತಿರಲಿಲ್ಲ.

"ಕಮಲಾಕ್ಷಣ್ಣ," ಎಂದ ಹಾಜಬ್ಬ, "ನಿಮ್ಮದು ಕುದುರೆ ಗೊತ್ತಿರುವ ಮನೆ ಅಂತ ದಿನಾ ಹೇಳ್ತೀರಿ. ಇವನನ್ನು ನಿಮ್ಮಲ್ಲಿ ಬಿಡ್ತೇನೆ. ದುಡ್ಡಿನ ಮಾತು ಬೇಡ. ಗೊತ್ತಿಲ್ಲದವರ ಕೈಗೆ ಕೊಡ್ಲಿಕ್ಕೆ ಮನಸ್ಸು ಬರೂದಿಲ್ಲ ನನಗೆ."

ಹೋಟೆಲಿನಲ್ಲಿದ್ದವರೆಲ್ಲ ಬನ್ಸನ್ನು ಬಾಯಿಯ ಹತ್ತಿರ ಹಿಡಿದುಕೊಂಡು ಗಲ್ಲಾದ ಕಡೆ ತಿರುಗಿದರು. ಆ ಕ್ಷಣದಲ್ಲಿ ಕಮಲಾಕ್ಷ, "ಹೋರಿ ಮಾರಾಯ, ಅದು ಹೋರಿ" ಎಂದು ಹೇಳಿಬಿಟ್ಟಿದ್ದರೆ ನಾಲ್ಕು ಜನ ನಗುತ್ತಿದ್ದರು, ಕಥೆ ಮುಗಿಯುತ್ತಿತ್ತು. ಮರ್ಯಾದಸ್ಥರು ಹಾಗೆ ಮಾಡುವುದಿಲ್ಲ. ಅವನು ಗಂಟಲು ಸರಿಮಾಡಿಕೊಂಡು, "ಅದಕ್ಕೇನಂತೆ, ಇರಲಿ" ಎಂದ. ಸಂಜೆಯೊಳಗೆ ಮುನ್ನ ಒಂದು ಪಿಕಪ್ಪಿನಲ್ಲಿ ನಿಂತು ಸಿದ್ಧಕಟ್ಟೆಗೆ ಬಂದಿಳಿಯಿತು.

ಹೆಂಡತಿ ಕಾಂತಿ ಅಂಗಳಕ್ಕೆ ಬಂದು ಕುದುರೆಯನ್ನು ನೋಡಿದಳು, ಗಂಡನನ್ನು ನೋಡಿದಳು. "ಗ್ರೈಂಡರಿನ ಕಲ್ಲು ತರಲಿಕ್ಕೆ ಹೋದವರಲ್ವಾ ನೀವು?" ಎಂದು ಕೇಳಿದಳು. ಅವಳೊಬ್ಬಳೇ ಆಗಿದ್ದರೆ ಕಮಲಾಕ್ಷ ಬೈಗಳು ತಿಂದು ಸುಮ್ಮನಾಗುತ್ತಿದ್ದ. ಚಾವಡಿಯಲ್ಲಿ ದೂಮಣ್ಣ ಮಾವ ಕುಳಿತಿದ್ದರು. ಅವನ ತಾಯಿಯ ಅಣ್ಣ, ಕುಟುಂಬದ ಯಜಮಾನರು. ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲಿಸುವ ತಂಬಿಲದ ಮಾತಿಗೆಂದು ಬೆಳ್ತಂಗಡಿಯಿಂದ ಬಂದಿದ್ದರು. ಮಾವ ಕನ್ನಡಕ ಏರಿಸಿ, "ಇದೆಂತ ಕಮಲಾಕ್ಷ?" ಎಂದದ್ದೇ ತಡ, ಅವನ ಬಾಯಿಯಿಂದ ತಾನೇ ಎಣಿಸದ ಮಾತೊಂದು ಹೊರಬಿತ್ತು.

"ಕನಸು ಮಾವ. ದೈವ ಬಂದು ಹೇಳಿತು, ಬಿಳಿ ಕುದುರೆ ಬೇಕು ಅಂತ."

ಕಾಂತಿ ಬಾಯಿ ತೆರೆದಳು. ಈ ಮನುಷ್ಯ ತಲೆದಿಂಬಿಗೆ ತಲೆ ಇಟ್ಟರೆ ಬೆಳಗಿನವರೆಗೆ ಗೊರಕೆ ಬಿಟ್ಟರೆ ಬೇರೇನೂ ಬಾರದ ಪ್ರಾಣಿ ಎಂಬುದಕ್ಕೆ ಅವಳೇ ಸಾಕ್ಷಿ. ಆದರೆ ಮಾವ ಆಗಲೇ ಎದ್ದು ನಿಂತು ಶಾಲು ಸೊಂಟಕ್ಕೆ ಸುತ್ತಿಕೊಂಡಿದ್ದರು. ಕುಟುಂಬದಲ್ಲಿ ಈಗಿನವರಿಗೆ ದೈವದ ಕನಸು ಬೀಳುವುದೇ ಇಲ್ಲ, ಎಲ್ಲ ಮೊಬೈಲು ನೋಡಿ ಮಲಗುವವರು ಎಂಬುದು ಅವರ ಬಹುಕಾಲದ ಕೊರಗು. ಅವರು ಅಂಗಳಕ್ಕಿಳಿದು ಮುನ್ನನಿಗೆ ಕೈ ಮುಗಿದರು. ಮುನ್ನ ಅವರ ಶಾಲಿನ ತುದಿ ಬಾಯಿಗೆ ಹಾಕಿಕೊಂಡಿತು.

"ಒಪ್ಪಿಗೆ ಉಂಟು," ಎಂದರು ಮಾವ, ಕಣ್ಣು ತುಂಬಿಕೊಂಡು.

ಅಂದಿನಿಂದ ಆ ಮನೆಯಲ್ಲಿ ಕುದುರೆಗೆ ಬಹುವಚನ ಶುರುವಾಯಿತು. "ಅವರು ನೀರು ಕುಡಿದ್ರಾ?" "ಅವರು ಲದ್ದಿ ಹಾಕಿದ್ದಾರೆ, ಸ್ವಲ್ಪ ತೆಗೀರಿ." ಕಮಲಾಕ್ಷನಿಗೆ ಇಷ್ಟು ವರ್ಷ ಆ ಮನೆಯಲ್ಲಿ ಯಾರೂ ಕೊಡದ ಮರ್ಯಾದೆ ಅದು. ಅವನಿಗೆ ಹೊಟ್ಟೆಕಿಚ್ಚಾಗಲಿಲ್ಲ. ಹೋಟೆಲಿಗೆ ಹೊರಡುವ ಮೊದಲು ಅವನು ಹುಲ್ಲು ಹಾಕಲು ಹೋದರೆ ಮುನ್ನ ಅವನ ಹೆಗಲ ಮೇಲೆ ಗಲ್ಲ ಇಟ್ಟು ನಿಲ್ಲುತ್ತಿತ್ತು. ಹೋಟೆಲಿನ ಸುದ್ದಿ, ಹಿಂದಿನ ದಿನ ಉಳಿದ ಹಿಟ್ಟಿನ ಚಿಂತೆ, ಮಂಡಿನೋವು ಎಲ್ಲವನ್ನೂ ಪೂರ್ತಿ ಕೇಳುತ್ತಿತ್ತು. ನಡುವೆ ಎದ್ದು ಹೋಗುತ್ತಿರಲಿಲ್ಲ. ಕಮಲಾಕ್ಷನಿಗೆ ಅದರ ಮೇಲೆ ಪ್ರೀತಿ ಹುಟ್ಟಿತು. ಜನ ಇಲ್ಲದಾಗ ಅವನು ಏಕವಚನದಲ್ಲೇ, "ಮುನ್ನಾ, ಎಂತದಾ?" ಎನ್ನುತ್ತಿದ್ದ.

ಕುದುರೆಯ ಆರೋಗ್ಯದ ಹೊಣೆಯನ್ನು ನೆರೆಮನೆಯ ದಯಾನಂದ ತಾನಾಗಿಯೇ ವಹಿಸಿಕೊಂಡ. ಹಾಲಿನ ಸೊಸೈಟಿಯ ಡೈರೆಕ್ಟರಾದ ಅವನಿಗೆ ದನದ ವಿಷಯದಲ್ಲಿ ಊರಿನಲ್ಲಿ ಎದುರಿಲ್ಲ. ಕುದುರೆಗೂ ನಾಲ್ಕು ಕಾಲು, ಒಂದು ಬಾಲ. ಅವನು ಅರ್ಧ ದಿನ ಕುರ್ಚಿ ಹಾಕಿ ಕುಳಿತು ನೋಡಿ ತೀರ್ಪು ಕೊಟ್ಟ.

"ಮೆಲುಕು ಹಾಕೂದೇ ಇಲ್ಲ ಮಾರಾಯ. ದವಡೆ ಸ್ತಬ್ಧ. ಇದು ಕೈಬಿಟ್ಟ ಕೇಸು."

ಕಮಲಾಕ್ಷ ಗಾಬರಿಯಾಗಿ ಡಾಕ್ಟರಿಗೆ ಫೋನ್ ಮಾಡಿದ. ದಯಾನಂದ ಬಿದಿರಿನ ಗೊಟ್ಟಕ್ಕೆ ಓಮ, ಇಂಗು, ತೆಂಗಿನೆಣ್ಣೆ ತುಂಬಿಸಿ ಕುದುರೆಯ ಗಂಟಲಿಗೆ ಹೊಯ್ಯಲು ತೋಳು ಮಡಚುವಷ್ಟರಲ್ಲಿ ಮೂಡುಬಿದಿರೆಯಿಂದ ಡಾಕ್ಟರ್ ವಿಜೇತಾ ಬಂದರು. ದನದ ಹಟ್ಟಿಯಿಂದ ಹಟ್ಟಿಗೆ ಓಡಾಡುವ ಪಶುವೈದ್ಯೆ. ಅವರ ಕಾರಿನಲ್ಲಿ ಸೀಟಿಗಿಂತ ಹೆಚ್ಚು ಸಗಣಿ ಮೆತ್ತಿದ ಬೂಟುಗಳಿದ್ದವು.

"ಕುದುರೆ ಮೆಲುಕು ಹಾಕುವ ಪ್ರಾಣಿ ಅಲ್ಲ," ಎಂದರು ಅವರು.

"ಅಂದ್ರೆ, ಇದಕ್ಕೆ ಅಭ್ಯಾಸ ತಪ್ಪಿ ಹೋಗಿದೆಯಾ?" ಎಂದು ದಯಾನಂದ ಕೇಳಿದ.

ಡಾಕ್ಟರು ಗೊಟ್ಟವನ್ನು ಅವನ ಕೈಯಿಂದ ತೆಗೆದು ಗೋಡೆಯ ಆಚೆ ಎಸೆದರು. ಆಮೇಲೆ ಕಮಲಾಕ್ಷನನ್ನು ಬೇರೆ ಕರೆದು ನಿಧಾನವಾಗಿ ಹೇಳಿದರು. "ಕಮಲಾಕ್ಷಣ್ಣ, ಕುದುರೆಗೆ ವಾಂತಿ ಮಾಡ್ಲಿಕ್ಕೆ ಆಗುವುದಿಲ್ಲ. ಹೊಟ್ಟೆ ತುಂಬಿ ಉಬ್ಬಿದರೆ ಅದಕ್ಕೆ ಹೊರಗೆ ದಾರಿ ಇಲ್ಲ. ಅಕ್ಕಿ, ಅವಲಕ್ಕಿ, ಬೆಲ್ಲ ಅಂತ ರಾಶಿ ಹಾಕಬೇಡಿ, ಹುಲ್ಲು ಸಾಕು. ಮುಂಗಾಲಿನಿಂದ ನೆಲ ಕೆರೀತಾ ಇದ್ರೆ, ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡ್ತಾ ಇದ್ರೆ, ಬೆವರಿದ್ರೆ, ಬಿದ್ದು ಹೊರಳಿದ್ರೆ, ಲದ್ದಿ ನಿಂತ್ರೆ, ಒಂದು ನಿಮಿಷ ಕಾಯಬೇಡಿ. ಬಾಯಿಗೆ ಏನೂ ಹಾಕಬೇಡಿ, ಏನೂ ಹೊಯ್ಯಬೇಡಿ. ನನಗೆ ಫೋನ್ ಮಾಡಿ. ಸುಳ್ಳು ಕೂಗಾದರೂ ಪರವಾಗಿಲ್ಲ, ಬರ್ತೇನೆ."

ಕಮಲಾಕ್ಷ ಇದನ್ನು ಶಾಲೆಯಲ್ಲಿ ಮಗ್ಗಿಯನ್ನೂ ಕಲಿಯದಷ್ಟು ಶ್ರದ್ಧೆಯಿಂದ ಕಲಿತ. ಮರುದಿನದಿಂದ ಹೋಟೆಲಿನಲ್ಲಿ ಇದೇ ಪಾಠ. ಬಿಸಿ ಉಪ್ಪಿಟ್ಟು ಬಾಯಿಗಿಟ್ಟವನ ಎದುರು ನಿಂತು, "ಕುದುರೆಗೆ ವಾಂತಿ ಬರೂದಿಲ್ಲ, ಗೊತ್ತುಂಟಾ ನಿಮಗೆ?" ಎನ್ನುತ್ತಿದ್ದ. ಬೆಳಗ್ಗಿನ ವ್ಯಾಪಾರ ಸ್ವಲ್ಪ ಇಳಿಯಿತು.

ಆದರೆ ದೈವದ ಕುದುರೆ ಹುಲ್ಲು ಮಾತ್ರ ತಿಂದು ಬದುಕುವುದೆಂದರೆ ಊರಿನವರಿಗೆ ಸಹಿಸುವ ಮಾತಲ್ಲ. ಮೊದಲು ಯಾರೋ ಹೆಂಗಸು ಅವಲಕ್ಕಿ ಬೆಲ್ಲ ತಿನ್ನಿಸಿದಳು, ವಾರದಲ್ಲಿ ಅವಳ ಮಗನಿಗೆ ಮಸ್ಕತ್ತಿನ ವೀಸಾ ಬಂತು. ಆಮೇಲೆ ತಡೆಯುವವರು ಯಾರು? ಸೊಂಟನೋವಿನವರು, ಜಾಗದ ತಕರಾರಿನವರು, ಮದುವೆಯಾಗದವರು ಪಂಚಕಜ್ಜಾಯದ ತಟ್ಟೆ ಹಿಡಿದು ಬಂದರು. ಕಮಲಾಕ್ಷ ಕೈ ಅಡ್ಡ ಹಿಡಿದರೆ ದೂಮಣ್ಣ ಮಾವ ಬೆಳ್ತಂಗಡಿಯಿಂದಲೇ ಫೋನಿನಲ್ಲಿ ಗದರುತ್ತಿದ್ದರು: "ಹರಕೆ ತಡೆಯಲಿಕ್ಕೆ ನೀನು ಯಾರು? ಕನಸು ಬಿದ್ದ ಮಾತ್ರಕ್ಕೆ ದೈವ ನಿನ್ನ ಹೋಟೆಲಿನ ಸಪ್ಲೈಯರ್ ಆಗಲಿಲ್ಲ." ಕಮಲಾಕ್ಷ ಒಂದೊಂದು ಚಿಟಿಕೆಗೆ ಒಪ್ಪಿಸಿ ಹೇಗೋ ದಿನ ದೂಡಿದ.

ತಂಬಿಲದ ಹಿಂದಿನ ದಿನ ಅವನು ಹೋಟೆಲಿನಲ್ಲಿ ಊಟದ ಏರ್ಪಾಡಿಗೆ ಸಿಕ್ಕಿಬಿದ್ದ. ಮನೆ ಸೇರಿದಾಗ ಕುಟುಂಬದವರೆಲ್ಲ ಬಂದು ಸೇರಿದ್ದರು, ಚಾಪೆ ಹಾಸಿ ಮಲಗಿದ್ದರು. ಬೆಳಿಗ್ಗೆ ಎದ್ದು ಹುಲ್ಲಿನ ಹೊರೆ ಹಿಡಿದು ಹೋದರೆ ಮುನ್ನ ಹುಲ್ಲಿನ ಕಡೆ ನೋಡಲಿಲ್ಲ.

ಅದು ಮುಂಗಾಲಿನಿಂದ ನೆಲ ಕೆರೆಯುತ್ತಿತ್ತು. ಕೆರೆದು ಕೆರೆದು ಅಲ್ಲೊಂದು ಗುಂಡಿಯಾಗಿತ್ತು. ಕತ್ತು ತಿರುಗಿಸಿ ತನ್ನ ಹೊಟ್ಟೆಯನ್ನು ನೋಡುತ್ತಿತ್ತು, ಮತ್ತೆ ಕೆರೆಯುತ್ತಿತ್ತು. ಎದೆಯ ಮೇಲೆ ಬೆವರು ಇಳಿಯುತ್ತಿತ್ತು. ಹಿಂದೆ ಒಂದು ಉಂಡೆ ಲದ್ದಿಯೂ ಇರಲಿಲ್ಲ. ಪಕ್ಕದಲ್ಲಿ ಮೂರ್ನಾಲ್ಕು ಬಕೆಟು ನೆಕ್ಕಿ ಖಾಲಿಯಾಗಿ ಬಿದ್ದಿದ್ದವು.

"ಯಾರು ತಿನ್ನಿಸಿದ್ದು?" ಎಂದು ಕಮಲಾಕ್ಷ ಕೂಗಿದ.

ಸಾಮಾನ್ಯವಾಗಿ ಆ ಕುಟುಂಬದಲ್ಲಿ ಯಾವ ಕೆಲಸ ಮಾಡಿದ್ದು ಯಾರೆಂದು ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ. ಅಂದು ಎಲ್ಲರೂ ಮುಂದೆ ಬಂದರು. ದೊಡ್ಡಮ್ಮ ಅವಲಕ್ಕಿ ಬೆಲ್ಲ ಕೊಟ್ಟಿದ್ದರು. ಚಿಕ್ಕಮ್ಮ ದೊಡ್ಡಮ್ಮನಿಗಿಂತ ಕಡಿಮೆಯಾಗಬಾರದೆಂದು ಬೆಂದ ಕುಚಲಕ್ಕಿಗೆ ತುಪ್ಪ ಹಾಕಿ ಕೊಟ್ಟಿದ್ದರು. ದುಬೈಯಿಂದ ಬಂದ ಭಾವ ನೆನೆದ ಹುರುಳಿಯನ್ನು ಬಕೆಟಿನಲ್ಲಿ ಇಟ್ಟಿದ್ದ. "ಕುದುರೆಗೆ ಹುರುಳಿ ಅಂತ ಚಿಕ್ಕ ಮಕ್ಕಳಿಗೂ ಗೊತ್ತುಂಟಲ್ಲ," ಎಂದ.

ದೂಮಣ್ಣ ಮಾವ ಸ್ನಾನ ಮುಗಿಸಿ ಬಂದು ಸೊಂಟಕ್ಕೆ ಕೈಯಿಟ್ಟು ಕುದುರೆಯನ್ನು ನೋಡುತ್ತಾ ನಿಂತರು. ಅವರ ಮುಖ ಅರಳಿತು.

"ಎಲ್ಲರೂ ಇಲ್ಲಿ ಬನ್ನಿ. ಯಾವ ಕಡೆ ಕೆರೀತಾ ಉಂಟು ನೋಡಿ. ದೈವದ ಕೋಣೆಯ ಕಡೆಗೆ! ಕೆರೆದು ಹಿಂದೆ ತಿರುಗಿ ನೋಡ್ತದೆ. ಹಿಂದೆ ಯಾರಿದ್ದೇವೆ? ನಾವು. ಕುಟುಂಬದವರೆಲ್ಲ ಬಂದ್ರಾ ಅಂತ ಕೇಳೂದು ಅದು."

"ಮಾವ, ಇದು ಹೊಟ್ಟೆನೋವು," ಎಂದ ಕಮಲಾಕ್ಷ. "ಡಾಕ್ಟ್ರು ಹೇಳಿದ್ದು ಇದನ್ನೇ. ಒಂದೂ ಬಿಡದೆ ಇದನ್ನೇ ಹೇಳಿದ್ದು. ಫೋನ್ ಮಾಡುವ."

"ಹೊಟ್ಟೆನೋವಾ?" ಮಾವ ಕನ್ನಡಕದ ಮೇಲಿನಿಂದ ನೋಡಿದರು. "ನಿನ್ನ ಕನಸಿನಲ್ಲಿ ಬಂದವರು ಹೊಟ್ಟೆನೋವಿನ ಕುದುರೆ ತಾ ಅಂತ ಹೇಳಿದ್ದಾ? ಹೇಳು. ಕನಸು ಬಿದ್ದದ್ದು ಹೌದಾ, ಅಲ್ವಾ?"

ದೊಡ್ಡಮ್ಮ, ಚಿಕ್ಕಮ್ಮ, ಭಾವ, ಭಾವನ ಮೊಬೈಲು, ಎಲ್ಲ ಕಮಲಾಕ್ಷನ ಕಡೆ ತಿರುಗಿದವು. ಅವನು ಬಾಯಿ ತೆರೆದ. ಪಾಣೆಮಂಗಳೂರಿನ ಗಲ್ಲಾದ ಹಿಂದೆ ಹೇಗೋ ಹಾಗೆಯೇ ಇಲ್ಲಿಯೂ ಒಳ್ಳೆಯ ಮಾತು ಗಂಟಲಿನವರೆಗೆ ಬಂದು ಕೆಟ್ಟ ಮಾತು ಹೊರಬಿತ್ತು.

"ಹೌದು ಮಾವ."

"ಹಾಗಾದ್ರೆ ತಂಬಿಲ ಮುಗಿಯುವವರೆಗೆ ಸೂಜಿ ಹಿಡಿದವರು ಈ ಅಂಗಳಕ್ಕೆ ಬರಬಾರದು," ಎಂದು ಮಾವ ತೀರ್ಮಾನ ಕೊಟ್ಟು ಹೂ ಕಟ್ಟಿಸಲು ಹೋದರು.

ಕಮಲಾಕ್ಷ ಬಚ್ಚಲಿನ ಹಿಂದೆ ಹೋಗಿ, ಬೂದಿ ರಾಶಿಯ ಮೇಲೆ ನಿಂತು, ಕಳ್ಳನ ಹಾಗೆ ಫೋನ್ ಮಾಡಿದ. ಡಾಕ್ಟರ್ ವಿಜೇತಾ ವೇಣೂರಿನ ಆಚೆ ಯಾರದೋ ಹಟ್ಟಿಯಲ್ಲಿದ್ದರು. ಕರು ಅಡ್ಡ ತಿರುಗಿ ಸಿಕ್ಕಿಕೊಂಡಿತ್ತು. "ಇದನ್ನು ಹೀಗೇ ಬಿಟ್ಟು ಬಂದ್ರೆ ಎರಡು ಜೀವ ಹೋಗ್ತದೆ. ಕರು ಹೊರಗೆ ಬಂದ ಕೂಡಲೇ ಹೊರಡ್ತೇನೆ. ಅಷ್ಟರವರೆಗೆ ಹೊರಳಲಿಕ್ಕೆ ಬಿಡಬೇಡಿ, ನಿಧಾನಕ್ಕೆ ನಡೆಸಿ. ಬಾಯಿಗೆ ಒಂದು ಕಾಳು ಹೋಗಬಾರದು. ಕೇಳಿತಾ?"

"ಕೇಳಿತು," ಎಂದು ಕಮಲಾಕ್ಷ ಪಿಸುಗುಟ್ಟಿದ.

ಅವನು ಹಗ್ಗ ಬಿಚ್ಚಿ ಮುನ್ನನನ್ನು ಅಂಗಳದ ಸುತ್ತ ನಡೆಸತೊಡಗಿದ. ಮೊದಲ ಸುತ್ತಿನಲ್ಲಿ ಅವರಿಬ್ಬರೇ ಇದ್ದರು. ಎರಡನೆಯ ಸುತ್ತಿಗೆ ತಿರುಗಿ ನೋಡಿದರೆ ಹಿಂದೆ ದೊಡ್ಡಮ್ಮ ಕೈ ಮುಗಿದುಕೊಂಡು ಬರುತ್ತಿದ್ದರು. ಆಮೇಲೆ ಚಿಕ್ಕಮ್ಮ, ಭಾವ, ಬೆಳ್ತಂಗಡಿಯವರು, ಅಡುಗೆಯವರು. ದೈವದ ಕುದುರೆ ತಾನಾಗಿ ಪ್ರದಕ್ಷಿಣೆ ಹೊರಟಿದೆ ಎಂಬ ಸುದ್ದಿ ಗೇಟು ದಾಟಿ ರಸ್ತೆಗೆ ಹೋಯಿತು. ವಾಲಗದವರು ಆಗಷ್ಟೇ ಬಂದು ಇಡ್ಲಿಗೆ ಕುಳಿತಿದ್ದರು. ಮಾವ ಅವರನ್ನು ತಟ್ಟೆಯಿಂದ ಎಬ್ಬಿಸಿದರು. ಡೋಲು ಶುರುವಾಯಿತು, ನಾಗಸ್ವರ ಮುನ್ನನ ಕಿವಿಯ ಹತ್ತಿರವೇ ಕೂಗತೊಡಗಿತು.

"ಬಾರಿಸಬೇಡಿ! ಅದಕ್ಕೆ ನೋವು!" ಎಂದು ಕಮಲಾಕ್ಷ ಕಿರುಚಿದ. ಡೋಲಿನಲ್ಲಿ ಅದು ಯಾರಿಗೂ ಕೇಳಲಿಲ್ಲ. ಹೆಂಗಸರು ಭತ್ತದ ಹೊದಳು ಎರಚಿದರು. ಯಾರೋ ಪಕ್ಕದಿಂದ ಕೈ ನೀಡಿ ಪಂಚಕಜ್ಜಾಯವನ್ನು ಕುದುರೆಯ ಬಾಯಿಗೆ ತುರುಕಲು ನೋಡಿದರು. ಕಮಲಾಕ್ಷ ಆ ಕೈಯನ್ನು ಹೊಡೆದು ದೂರ ತಳ್ಳಿದ. "ಮುಟ್ಟಬೇಡಿ, ಕಮಲಾಕ್ಷ ಮಡಿಯಲ್ಲಿದ್ದಾನೆ," ಎಂದು ಚಿಕ್ಕಮ್ಮ ಭಕ್ತಿಯಿಂದ ಹಿಂದೆ ಸರಿದರು. ದಯಾನಂದ ಹೊಸ ಗೊಟ್ಟವೊಂದನ್ನು ಹಿಡಿದು ಬಂದಿದ್ದ. ಅವನನ್ನು ಕಾಂತಿ ಸೌದೆಕೊಟ್ಟಿಗೆಯ ಒಳಗೆ ಏನೋ ತೋರಿಸುವ ನೆಪದಲ್ಲಿ ಕರೆದು, ಹೊರಗಿನಿಂದ ಚಿಲಕ ಹಾಕಿದಳು. ಆ ದಿನ ಆ ಮನೆಯಲ್ಲಿ ನಡೆದ ಬುದ್ಧಿವಂತಿಕೆಯ ಕೆಲಸ ಅದೊಂದೇ.

ದೈವದ ಕೋಣೆಯ ಎದುರು ಬಂದಾಗ ಮುನ್ನನಿಗೆ ತಡೆಯಲಾಗಲಿಲ್ಲ. ಅದರ ಮುಂಗಾಲುಗಳು ಮಡಚಿದವು, ಗಲ್ಲ ನೆಲಕ್ಕೆ ತಾಗಿತು. ನೋವಿಗೆ ಅದು ಹಲ್ಲು ಕಡಿಯುತ್ತಿತ್ತು.

"ನಮಸ್ಕಾರ ಮಾಡಿತು!" ಎಂದು ಮಾವ ಗದ್ಗದಿಸಿದರು. ಮರುಕ್ಷಣ ಅಂಗಳದಲ್ಲಿದ್ದವರೆಲ್ಲ ದಡಬಡನೆ ಅಡ್ಡ ಬಿದ್ದರು. ಡೋಲಿನವನು ಡೋಲು ಸಮೇತ ಬಿದ್ದ. ಇಡೀ ಅಂಗಳದಲ್ಲಿ ನಿಂತಿದ್ದವನು ಕಮಲಾಕ್ಷ ಒಬ್ಬನೇ. ಅವನು ಹಗ್ಗವನ್ನು ಎರಡೂ ಕೈಯಿಂದ ಎಳೆಯುತ್ತಾ, "ಏಳಾ ಮುನ್ನಾ, ಏಳಾ ಮಗಾ," ಎಂದು ಅಳುತ್ತಿದ್ದ.

ಡಾಕ್ಟರರ ಕಾರು ಬಂದು ಗೇಟಿನಲ್ಲಿ ನಿಂತದ್ದು ಆಗ. ಅವರ ತೋಳಿನಲ್ಲಿ ಕರುವಿನ ರಕ್ತ ಇನ್ನೂ ಒಣಗಿರಲಿಲ್ಲ. ದೂಮಣ್ಣ ಮಾವ ಮಣ್ಣು ಕೊಡವಿಕೊಂಡು ಗೇಟಿಗೆ ಹೋದರು. ಮಾವ ಕೆಟ್ಟವರಲ್ಲ. ಮನೆಗೆ ಬಂದವರನ್ನು ಬೈದು ಕಳಿಸುವ ಪದ್ಧತಿ ಅವರಲ್ಲಿಲ್ಲ. ಅವರು ಕುರ್ಚಿ ತರಿಸಿದರು, ಬೆಲ್ಲ ನೀರು ತರಿಸಿದರು, ಫ್ಯಾನ್ ತಿರುಗಿಸಿಟ್ಟರು.

"ಕುದುರೆ ಎಲ್ಲಿ?" ಎಂದು ಡಾಕ್ಟರು ಕೇಳಿದರು.

"ಕೂತ್ಕೊಳ್ಳಿ ಮೇಡಂ, ಬಿಸಿಲಿಗೆ ಬಂದದ್ದು. ಬಾಯಾರಿಕೆಗೆ ಕುಡೀರಿ."

"ಮೂಗಿನಿಂದ ಹೊಟ್ಟೆಗೆ ನಳಿಗೆ ಇಳಿಸಿ ಖಾಲಿ ಮಾಡಬೇಕು ಅದನ್ನು. ಈಗಲೇ ಆಗಬೇಕು. ದಾರಿ ಬಿಡಿ."

"ಆಗಲಿ, ಆಗಲಿ. ತಂಬಿಲ ಆಗಿ, ಪ್ರಸಾದ ತಗೊಂಡು, ಊಟ ಮಾಡಿಯೇ ನೋಡುವ. ಪಾಯಸ ಉಂಟು."

ಡಾಕ್ಟರು ಎಡಕ್ಕೆ ಸರಿದರೆ ಭಾವ ತಟ್ಟೆ ಹಿಡಿದು ನಿಂತಿದ್ದ. ಬಲಕ್ಕೆ ಸರಿದರೆ ದೊಡ್ಡಮ್ಮ ಕುಂಕುಮ ಹಿಡಿದು ನಿಂತಿದ್ದರು. ಸತ್ಕಾರದಿಂದ ತಪ್ಪಿಸಿಕೊಂಡು ಆ ಮನೆಯ ಗೇಟು ದಾಟಿದವರು ಈವರೆಗೆ ಯಾರೂ ಇಲ್ಲ.

ಕಮಲಾಕ್ಷ ಇದನ್ನು ಅಂಗಳದಿಂದ ನೋಡಿದ. ಮುನ್ನ ಪಕ್ಕಕ್ಕೆ ಉರುಳಿ ಕಾಲು ಝಾಡಿಸುತ್ತಿತ್ತು. ಅವನು ಹಗ್ಗ ಬಿಟ್ಟು ಅಂಗಳದ ನಡುವೆ ಬಂದು ನಿಂತ. ಮೈ ನಡುಗುತ್ತಿತ್ತು. ಅಂಗಿ ಬೆವರಿಗೆ ಅಂಟಿತ್ತು, ತಲೆಗೂದಲಲ್ಲಿ ಹೊದಳು ಸಿಕ್ಕಿಕೊಂಡಿತ್ತು.

"ಸುಳ್ಳು!" ಎಂದು ಅವನು ಅಬ್ಬರಿಸಿದ. ಅವನ ಜೀವಮಾನದಲ್ಲಿ ಅಷ್ಟು ದೊಡ್ಡ ದನಿ ಬಂದದ್ದಿಲ್ಲ. "ಸುಳ್ಳು! ಕನಸು ಗಿನಸು ಎಂತದೂ ಇಲ್ಲ! ಯಾರೂ ಬರಲಿಲ್ಲ, ಯಾರೂ ಹೇಳಲಿಲ್ಲ! ಸುಳ್ಳು ಹೇಳಿದ್ದು! ಕುದುರೆ ಸಾಯ್ತಾ ಉಂಟು!"

ವಾಲಗ ನಿಂತಿತು. ಮಾವ ಗೇಟಿನಿಂದ ತಿರುಗಿ ನೋಡಿದರು. ನಡುಗುವ ಮೈ, ಕೆಂಪು ಕಣ್ಣು, ಎಂದೂ ಕೇಳದ ದನಿ. ಅವರು ಮೆಲ್ಲಗೆ ಶಾಲು ತೆಗೆದು ಸೊಂಟಕ್ಕೆ ಕಟ್ಟಿದರು.

"ಬಂತು," ಎಂದರು ಮಾವ. "ಅವನ ಮೈಮೇಲೆ ಬಂತು."

"ಬರಲಿಲ್ಲ ಮಾವ! ನಾನೇ! ನಾನು ಕಮಲಾಕ್ಷ!" ಎಂದು ಅವನು ಕೂಗಿದಷ್ಟೂ ಮೈ ಹೆಚ್ಚು ಹೆಚ್ಚು ನಡುಗಿತು. ಯಾರೋ ಅವನ ಕೈಗೆ ಅಡಿಕೆ ಹಿಂಗಾರದ ಗೊನೆ ಕೊಟ್ಟರು. ಇನ್ನಾರೋ ಹಣೆಗೆ ಗಂಧ ಮೆತ್ತಿದರು. ಹುಟ್ಟಿದಂದಿನಿಂದ ಅವನ ಒಂದು ಮಾತನ್ನೂ ಪೂರ್ತಿ ಕೇಳದ ಕುಟುಂಬ ಈಗ ಕೈ ಮುಗಿದು ಸಾಲಾಗಿ ನಿಂತಿತು.

"ಸುಳ್ಳು ಹೇಳಿದ ತಪ್ಪು ಯಾರದ್ದು ಸ್ವಾಮೀ? ನಮ್ಮಿಂದ ಎಂತ ಆಗಬೇಕು? ಅಪ್ಪಣೆಯಾಗಲಿ," ಎಂದು ದೂಮಣ್ಣ ಮಾವ ಬಾಗಿ ಕೇಳಿದರು.

ಕಮಲಾಕ್ಷ ದಿಕ್ಕು ತೋಚದೆ ಸುತ್ತ ನೋಡಿದ. ಕೈ ಮುಗಿಯದೆ ನಿಂತಿದ್ದವಳು ಕಾಂತಿ ಒಬ್ಬಳೇ. ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಕೇಳ್ತಾ ಇದ್ದಾರಲ್ಲ, ಹೇಳಿಬಿಡಿ," ಎಂದಳು.

ನಿಜ ಹೇಳಿದಾಗ ಯಾರೂ ಕದಲಲಿಲ್ಲ. ಕಮಲಾಕ್ಷ ಹಿಂಗಾರ ಎತ್ತಿ ಹಿಡಿದು, ಎದೆಯ ಆಳದಿಂದ, ದೈವದ ದನಿಯಲ್ಲಿ, ಇನ್ನೊಂದು ಸುಳ್ಳನ್ನು ಹೇಳಿದ.

"ಡಾಕ್ಟ್ರನ್ನು ಒಳಗೆ ಬಿಡಿ!"

ಎಷ್ಟು ಬೇಗ ಬಿಟ್ಟರೆಂದರೆ, ಭಾವ ತಟ್ಟೆ ಸಮೇತ ಚರಂಡಿಗೆ ಹಾರಿದ. ದೊಡ್ಡಮ್ಮ ಕುಂಕುಮದ ಬಟ್ಟಲು ಬಿಸಾಡಿ ಡಾಕ್ಟರರ ಪೆಟ್ಟಿಗೆಯನ್ನು ತಾವೇ ಹೊತ್ತು ಓಡಿದರು. ಮಾವ ದಾರಿ ಬಿಡಿಸುತ್ತಾ ಮುಂದೆ ಓಡಿದರು.

ಮುನ್ನ ಎದ್ದು ನಿಂತಿತ್ತು.

ಅದು ಕೆರೆಯುತ್ತಿರಲಿಲ್ಲ, ಹೊರಳುತ್ತಿರಲಿಲ್ಲ, ಹೊಟ್ಟೆಯ ಕಡೆ ನೋಡುತ್ತಿರಲಿಲ್ಲ. ತಲೆ ತಗ್ಗಿಸಿ ಸುಮ್ಮನೆ ನಿಂತಿತ್ತು. ಕಮಲಾಕ್ಷ ಓಡಿ ಬಂದು ಅದರ ಕುತ್ತಿಗೆ ತಬ್ಬಿಕೊಂಡ. "ಕಡಿಮೆಯಾಯ್ತು ಡಾಕ್ಟ್ರೇ! ನೋಡಿ, ನೋವು ನಿಂತಿತು! ಸುಮ್ಮನಾದ!"

"ಶಾಂತವಾಯಿತು," ಎಂದು ಮಾವ ಕಣ್ಣೊರೆಸಿಕೊಂಡರು. ಹೆಂಗಸರು ಉಸಿರು ಬಿಟ್ಟರು. ವಾಲಗದವರು ಉಳಿದ ಇಡ್ಲಿಯ ಕಡೆ ನೋಡಿದರು. ಆ ಅಂಗಳದಲ್ಲಿ ಬೆಳಗಿನಿಂದ ಕಾಣದ ಸಂತೋಷ ಕಾಣಿಸಿತು.

ಡಾಕ್ಟರ್ ವಿಜೇತಾ ಮಾತ್ರ ನಗಲಿಲ್ಲ. ಅವರು ಮುನ್ನನ ತುಟಿ ಎತ್ತಿ ಒಸಡು ನೋಡಿದರು. ಅದು ನೇರಳೆ ಬಣ್ಣಕ್ಕೆ ತಿರುಗಿತ್ತು. ಕಿವಿ ಮುಟ್ಟಿದರು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ಹೊರತೆಗೆದಿದ್ದ ನಳಿಗೆಯನ್ನು ಸುತ್ತಿ ಮತ್ತೆ ಪೆಟ್ಟಿಗೆಗೆ ಇಟ್ಟರು.

"ಕಿವಿ ಮುಟ್ಟಿ ನೋಡಿ, ಕಮಲಾಕ್ಷಣ್ಣ."

ಮುಟ್ಟಿದ. ತಣ್ಣಗಿತ್ತು.

"ಹೊಟ್ಟೆ ಒಡೆದಿದೆ," ಎಂದರು ಡಾಕ್ಟರು. "ಒಡೆದ ಕೂಡಲೇ ಬಿಗಿತ ಹೋಗ್ತದೆ, ನೋವು ನಿಂತ ಹಾಗೆ ಕಾಣ್ತದೆ. ಇನ್ನು ಏನೂ ಮಾಡ್ಲಿಕ್ಕೆ ಇಲ್ಲ. ಹೀಗೇ ಬಿಟ್ರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಬೀಳ್ತದೆ, ನರಳಿ ನರಳಿ ಸಾಯ್ತದೆ. ಇಂಜೆಕ್ಷನ್ ಕೊಟ್ಟು ಮಲಗಿಸ್ಲಿಕ್ಕೆ ಆಗ್ತದೆ. ನೀವು ಹೇಳಬೇಕು."

ಕುಟುಂಬದವರ ಗುಂಪು ಒಳಗೊಳಗೆ ಗುಜುಗುಜು ಮಾತಾಡಿತು. ದೂಮಣ್ಣ ಮಾವ ಮುಂದೆ ಬಂದು ಮತ್ತೆ ಕೈ ಮುಗಿದರು, ಕಮಲಾಕ್ಷನಿಗೆ. "ಸ್ವಾಮಿಯ ಅಪ್ಪಣೆ ಎಂತ?"

ಕಮಲಾಕ್ಷ ಹಿಂಗಾರವನ್ನು ಕೆಳಗೆ ಹಾಕಿದ. ಹಣೆಯ ಗಂಧವನ್ನು ಅಂಗಿಯ ತೋಳಿನಿಂದ ಒರೆಸಿದ. ಹೋಟೆಲಿನಲ್ಲಿ ಚಿಲ್ಲರೆ ಇಲ್ಲ ಎಂದು ಹೇಳುವ ತನ್ನ ಮಾಮೂಲಿ ದನಿಯಲ್ಲಿ, "ಕೊಡಿ ಡಾಕ್ಟ್ರೇ," ಎಂದ.

ಮುನ್ನ ಅವನ ಹೆಗಲ ಮೇಲೆ ಗಲ್ಲ ಇಟ್ಟುಕೊಂಡಿತ್ತು. ಭಾರ ಹೆಚ್ಚಾಗುತ್ತಾ ಬಂತು. ಕಮಲಾಕ್ಷನ ಮಂಡಿ ಮಡಚಿತು, ಇಬ್ಬರೂ ಒಟ್ಟಿಗೇ ಕೆಳಗೆ ಬಂದರು.

ತಂಬಿಲ ನಿಲ್ಲಲಿಲ್ಲ. ನಿಲ್ಲಿಸಿದರೆ ದೋಷ ಎಂದರು ಮಾವ. ಊಟವೂ ನಿಲ್ಲಲಿಲ್ಲ, ಅಷ್ಟು ಜನರನ್ನು ಹಸಿದು ಕಳಿಸುವುದು ಹೇಗೆ? ಚಪ್ಪರದ ಕೆಳಗೆ ಎಲೆ ಹಾಕಿದರು. ಎರಡನೆಯ ಸಲ ಸಾರು ಬರುವಷ್ಟರಲ್ಲಿ ಕುದುರೆ ಸತ್ತದ್ದಲ್ಲ, ದೈವ ಕರೆಸಿಕೊಂಡದ್ದು ಎಂಬುದು ಎಲ್ಲರಿಗೂ ಸ್ಪಷ್ಟವಾಗಿತ್ತು. ಪಾಯಸದ ಹೊತ್ತಿಗೆ ಆ ಜಾಗದಲ್ಲಿ ಒಂದು ಕಟ್ಟೆ ಕಟ್ಟಬೇಕೆಂದಾಯಿತು. ದುಬೈಯ ಭಾವ ಟೈಲ್ಸ್ ತನ್ನದೆಂದ. ಚಿಲಕ ತೆಗೆಸಿಕೊಂಡು ಹೊರಬಂದ ದಯಾನಂದ, ಬೆಳಿಗ್ಗೆಯೇ ತನ್ನ ಗೊಟ್ಟ ಹಾಕಲು ಬಿಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲವೆಂದು ಹೇಳಿ, ಗುಂಡಿ ತೋಡಲು ಜೆಸಿಬಿಯವನಿಗೆ ಫೋನ್ ಮಾಡಿದ. ಮಾವ ಕೈ ತೊಳೆದು ಬಂದು ಕಮಲಾಕ್ಷನ ಬೆನ್ನು ಸವರಿದರು. "ಬೇಜಾರು ಮಾಡಬೇಡ. ದೈವಕ್ಕೆ ಬೇಕಿತ್ತು, ತಗೊಂಡಿತು. ನಿನಗೆ ಇನ್ನೊಂದು ಕನಸು ಬೀಳ್ತದೆ. ಆಗ ಇನ್ನೊಂದು ತರುವ."

ಕಾಂತಿ ಎಲೆಯಲ್ಲಿ ಅನ್ನ ತಂದಿಟ್ಟಳು. ಕಮಲಾಕ್ಷ ಮುಟ್ಟಲಿಲ್ಲ. ಅವನು ಕುದುರೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೊಣ ಓಡಿಸುತ್ತಾ ಕುಳಿತಿದ್ದ.

ಹಾಜಬ್ಬ ಮಂಗಳೂರಿನಿಂದ ಬಂದು ಮುಟ್ಟಿದಾಗ ಜೆಸಿಬಿ ಗುಂಡಿ ತೋಡಿ ಆಗಿತ್ತು. ಫೋನ್ ಮಾಡಿದ್ದು ಕಾಂತಿ. ಮುದುಕ ಚಪ್ಪಲಿಯನ್ನು ಗೇಟಿನಲ್ಲೇ ಬಿಟ್ಟು ಬಂದ. ಮುನ್ನನ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು, ಕೇಸರದಲ್ಲಿ ಸಿಕ್ಕಿಕೊಂಡಿದ್ದ ಹೊದಳನ್ನು ಒಂದೊಂದಾಗಿ ಹೆಕ್ಕಿದ. ನೆಲದಲ್ಲಿ ಗೊರಸು ಕೆರೆದ ಗುಂಡಿಯನ್ನು ಅಂಗೈಯಿಂದ ಸವರಿ ನೋಡಿದ.

"ಪಾಪ," ಎಂದ. "ಬೆಳಿಗ್ಗೆಯಿಂದ ಕೆರೆದಿದ್ದಾನೆ."

ಚಾವಡಿಯಿಂದ ದೂಮಣ್ಣ ಮಾವ, "ಅದು ಕುಟುಂಬದವರನ್ನು ಕರೆದದ್ದು ಹಾಜಬ್ಬ," ಎಂದು ವಿವರಿಸಲು ಹೊರಟರು. ಹಾಜಬ್ಬ ಅತ್ತ ತಿರುಗಲಿಲ್ಲ. ಅವನು ಕಮಲಾಕ್ಷನ ಮುಖವನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿದ್ದಿದ್ದರೆ ಎಷ್ಟೋ ವಾಸಿಯಿತ್ತು. ಉತ್ತರವನ್ನೂ ಅವನೇ ಹುಡುಕಿಕೊಂಡು ಬಂದಿದ್ದ, ಕಮಲಾಕ್ಷ ಹೂಂ ಅಂದರೆ ಸಾಕಿತ್ತು.

"ನಿಮಗೆ ಗೊತ್ತಾಗಲಿಲ್ಲ ಅಲ್ವಾ ಅಣ್ಣ? ಹೊಸಬರು ನೀವು. ಹೊಟ್ಟೆನೋವು ಅಂತ ಗೊತ್ತಾಗಲಿಲ್ಲ, ಅಲ್ವಾ?"

"ಗೊತ್ತಾಗಿತ್ತು ಹಾಜಬ್ಬ," ಎಂದ ಕಮಲಾಕ್ಷ. "ನನಗೆ ಬೆಳಿಗ್ಗೆಯೇ ಗೊತ್ತಾಗಿತ್ತು."